ಗರಸಿನ ದಾರಿಯ ಕಸ: ಎಣ್ಣಿ ಹೊಡೆಯುವ ಮೊದಲು ತಿಳಿದಿರಬೇಕಾದ್ದು

ಮೇಡ್ಲೇರಿ (ರಾಣೇಬೆನ್ನೂರು ತಾ.): ಡಾಂಬರು ರಸ್ತೆಯಿಂದ ಹೊಲದ ಮನೆಗೆ, ಗೋದಾಮಿಗೆ, ಗಿರಣಿಗೆ ಗರಸು ಹಾಕಿದ ಉದ್ದನೆಯ ದಾರಿ ಇರುವವರಿಗೆಲ್ಲ ಮುಂಗಾರು ಬಂತೆಂದರೆ ಒಂದೇ ತಲೆನೋವು. ಬೇಸಿಗೆಯಲ್ಲಿ ಬೋಳಾಗಿ ಬಿದ್ದಿದ್ದ ದಾರಿ ರೋಹಿಣಿ ಮಳೆ ಬಿದ್ದ ಹದಿನೈದು ದಿನಕ್ಕೆ ಹಸಿರಾಗುತ್ತದೆ. ತಿಂಗಳೊಪ್ಪತ್ತು ಕಳೆದರೆ ಟ್ರ್ಯಾಕ್ಟರ್ ಗಾಲಿ ಓಡಾಡುವ ಎರಡು ಗೆರೆ ಬಿಟ್ಟು ಉಳಿದದ್ದೆಲ್ಲ ಕಾಂಗ್ರೆಸ್ ಕಸ. ಆಗ ಅಂಗಡಿಗೆ ಹೋಗಿ "ಯಣ್ಣಾ, ಕಸದ ಎಣ್ಣಿ ಯಾವುದರ ಕೊಡು, ಎಲ್ಲಾ ಸುಟ್ಟು ಹೋಗಬೇಕು" ಅನ್ನುವುದು ರೂಢಿ.

ಈ "ಯಾವುದರ ಕೊಡು" ಅನ್ನೋ ಮಾತೇ ನಮ್ಮ ತಾಲ್ಲೂಕಿನಲ್ಲಿ ದುಬಾರಿ. ರಾಣೇಬೆನ್ನೂರಿಗೆ ಬೀಜದ ಊರು ಅಂತಲೇ ಹೆಸರು. ದಾರಿಯ ಆಚೆ ಬದಿಗೆ ಬದುವಿನ ಅಂತರದಲ್ಲೇ ಹತ್ತಿಯೋ, ಮೆಣಸಿನಕಾಯಿಯೋ, ಕಂಪನಿಗೆ ಒಪ್ಪಿಕೊಂಡ ಟೊಮೇಟೊ ಬೀಜದ ಪ್ಲಾಟೋ ಇರುತ್ತದೆ. ದಾರಿಯ ಕಸ ಸತ್ತರೆ ಉಳಿಯುವುದು ಒಂದು ದಿನದ ಕೂಲಿ. ಬಾಜು ಹೊಲದ ಬೆಳೆ ಮುರುಟಿದರೆ ಹೋಗುವುದು ಅವರ ಒಂದು ವರ್ಷದ ದುಡಿಮೆ, ಜೊತೆಗೆ ಎರಡು ಮನೆತನದ ನಡುವಿನ ಮಾತುಕತೆ.

ಕಸ ಎಲ್ಲಿಂದ ಬರುತ್ತದೆ

ಗರಸಿನೊಳಗೆ ಕಸ ತಾನಾಗಿ ಹುಟ್ಟುವುದಿಲ್ಲ. ಅದಕ್ಕೆ ಮಣ್ಣು ಬೇಕು, ಬೀಜ ಬೇಕು. ಎರಡನ್ನೂ ಬಹಳ ಸಲ ನಾವೇ ತಂದು ಹಾಕಿರುತ್ತೇವೆ.

ಎರಿ ಭೂಮಿಯ ಮೇಲೆ ನೇರವಾಗಿ ಗರಸು ಸುರಿದ ದಾರಿ ಎರಡು ಮಳೆಗಾಲ ತಡೆದರೆ ಹೆಚ್ಚು. ಎರಿ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಉಬ್ಬುತ್ತದೆ. ಈ ಆಟದಲ್ಲಿ ಕಲ್ಲು ಕೆಳಗಿಳಿದು ಕೆಸರು ಮೇಲೆ ಬರುತ್ತದೆ. ಕಸ ಬೇರು ಬಿಡುವುದು ಆ ಮೇಲೆ ಬಂದ ಮಣ್ಣಿನಲ್ಲಿ. ಗಾಳಿಗೆ ಬಂದ ಧೂಳು, ಬೇವಿನ ಎಲೆ, ಗೊಬ್ಬರದ ಗಾಡಿಯಿಂದ ಉದುರಿದ್ದು ಎಲ್ಲ ಸೇರಿ ಕಲ್ಲುಗಳ ಸಂದಿಯಲ್ಲಿ ಮತ್ತೊಂದು ತೆಳು ಪದರ ಮಾಡುತ್ತವೆ.

ಬೀಜದ ಕತೆ ಬೇರೆ. ಹಳ್ಳದ ದಂಡೆಯಲ್ಲೋ ಗೋಮಾಳದಲ್ಲೋ ಕಾಂಗ್ರೆಸ್ ಕಸ ಆಳೆತ್ತರ ನಿಂತಿರುವ ಗುಂಡಿಯಿಂದ ಗರಸು ಅಗೆದು ತಂದರೆ, ಟ್ರ್ಯಾಲಿಗೆ ಕೊಟ್ಟ ದುಡ್ಡಿನಲ್ಲಿ ಬೀಜವೂ ಸೇರಿರುತ್ತದೆ. ಗುಂಡಿಯ ಮೇಲಿನ ಒಂದು ಅಡಿ ಮಣ್ಣನ್ನು ಬದಿಗೆ ಸರಿಸಿ ಕೆಳಗಿನದ್ದನ್ನೇ ತುಂಬಿಸಿ ಅಂತ ಜೆಸಿಬಿಯವರಿಗೆ ಮೊದಲೇ ಹೇಳಬೇಕು. ಹೇಳದಿದ್ದರೆ ಯಾರೂ ಹಾಗೆ ಮಾಡುವುದಿಲ್ಲ. ಬಳ್ಳಾರಿ ಜಾಲಿಯ ಕಾಯಿ ತಿಂದ ಕುರಿ, ದನಗಳ ಹಿಕ್ಕೆ, ಸಗಣಿಯಲ್ಲಿ ಬೀಜ ಸಾಯದೆ ಹಾಗೇ ಹೊರಬರುತ್ತದೆ. ಹಾಗಾಗಿ ಕುರಿ ಹಿಂಡು ಹಾದು ಹೋಗುವ ದಾರಿಯ ಅಂಚಿನಲ್ಲಿ ಜಾಲಿ ಸಸಿ ಕಾಣಿಸಿದರೆ ಆ ವರ್ಷವೇ ಬೇರು ಸಮೇತ ಎತ್ತಬೇಕು. ಒಂದು ವರ್ಷ ಬಿಟ್ಟರೆ ಗುದ್ದಲಿ ಸಾಲದು.

ಕಾಂಗ್ರೆಸ್ ಕಸದ ಲೆಕ್ಕ

ಪಾರ್ಥೇನಿಯಂ ನಮ್ಮ ಗಿಡವಲ್ಲ, ಅಮೆರಿಕ ಖಂಡದ ಕಡೆಯದು. 1950ರ ದಶಕದ ನಡುವೆ ಪುಣೆಯಲ್ಲಿ ಗುರುತಿಸಿದ ಮೇಲೆ ದೇಶ ಪೂರ್ತಿ ಹಬ್ಬಿತು. ಹೊರಗಿನಿಂದ ತರಿಸಿದ ಗೋಧಿಯ ಜೊತೆ ಬಂತು ಅನ್ನುವುದು ಸಾಮಾನ್ಯ ನಂಬಿಕೆ. ಕರ್ನಾಟಕ ಸರ್ಕಾರ 1975ರಲ್ಲೇ ಇದನ್ನು ಅಪಾಯಕಾರಿ ಕಳೆ ಎಂದು ಸಾರಿತ್ತು. ಸಾರಿದ್ದರಿಂದ ಕಸವೇನೂ ಹೆದರಲಿಲ್ಲ ಅನ್ನುವುದು ಎಲ್ಲರೂ ನೋಡಿದ್ದೇ.

ಒಂದು ಬಲಿತ ಗಿಡ ಹದಿನೈದು ಸಾವಿರಕ್ಕೂ ಮೇಲ್ಪಟ್ಟು ಬೀಜ ಉದುರಿಸಬಲ್ಲದು. ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದು ಕೂರುತ್ತದೆ. ಮೊಳಕೆ ಒಡೆದು ನಾಲ್ಕರಿಂದ ಆರು ವಾರಕ್ಕೆ ಹೂ. ಹಾಗಾಗಿ ದಾರಿಯ ಕಸದ ಕೆಲಸಕ್ಕೆ ಸಿಗುವ ಸಮಯ ಮೊದಲ ಮಳೆಯ ನಂತರದ ಮೂರು ವಾರ, ಅಷ್ಟೇ. ಬಿಳಿ ಹೂ ಬಿಟ್ಟ ಮೇಲೆ ಕೀಳಿಸಿದರೆ ಆ ವರ್ಷದ ಗಿಡ ಹೋಯಿತು, ಮುಂದಿನ ನಾಲ್ಕು ವರ್ಷದ ಬೀಜ ದಾರಿಯಲ್ಲೇ ಉಳಿಯಿತು. ಗಣೇಶನ ಹಬ್ಬದ ಮುಂದೆ ದಾರಿ ಚಂದ ಕಾಣಲಿ ಅಂತ ಆಳು ಹಚ್ಚುವವರು ಹೆಚ್ಚಾಗಿ ಮಾಡುವುದು ಇದನ್ನೇ.

ಹೂವಿಗೆ ಮೊದಲು ಕಿತ್ತ ಗಿಡವನ್ನು ತಿಪ್ಪೆಗೆ ಹಾಕಬಹುದು, ಚೆನ್ನಾಗಿ ಕೊಳೆತರೆ ಒಳ್ಳೆಯ ಗೊಬ್ಬರ. ಹೂ ಬಿಟ್ಟದ್ದನ್ನು ತಿಪ್ಪೆಗೆ ಹಾಕಿದರೆ ಅದೇ ಗೊಬ್ಬರದ ಮೂಲಕ ಹೊಲ ಸೇರುತ್ತದೆ. ಬರಿಗೈಯಲ್ಲಿ ಕೀಳಬಾರದು. ಕೆಲವರಿಗೆ ಒಂದೆರಡು ಸಲಕ್ಕೆ ಏನೂ ಆಗುವುದಿಲ್ಲ, ಆಮೇಲೆ ಒಮ್ಮೆ ಹತ್ತಿಕೊಂಡ ತುರಿಕೆ ಪ್ರತಿ ವರ್ಷ ಬರುತ್ತದೆ. ಹೂವಿನ ಪರಾಗ ದಮ್ಮು ಇರುವವರಿಗೆ ಇನ್ನೂ ಕಷ್ಟ. ಕೂಲಿಯವರಿಗೆ ಕೈಗವಸು, ಮುಖಕ್ಕೆ ಬಟ್ಟೆ ಕೊಡುವುದು ಕೆಲಸ ಮಾಡಿಸುವವರ ಜವಾಬ್ದಾರಿ.

ಮಳೆಗಾಲದಲ್ಲಿ ಈ ಗಿಡದ ಎಲೆ ಜಾಲರಿಯಾಗಿ, ಮೇಲೆ ಕೆನೆ ಬಣ್ಣದ ಬೆನ್ನಿಗೆ ಕಂದು ಪಟ್ಟೆ ಇರುವ ಸಣ್ಣ ಹುಳ ಕಂಡರೆ ಅದನ್ನು ಬಿಟ್ಟುಬಿಡಿ. ಅದು 1983ರಲ್ಲಿ ಮೆಕ್ಸಿಕೋದಿಂದ ತಂದು ಮರುವರ್ಷ ಬೆಂಗಳೂರಿನಲ್ಲಿ ಬಿಟ್ಟ ದುಂಬಿ, ಮುಖ್ಯವಾಗಿ ಕಾಂಗ್ರೆಸ್ ಕಸ ತಿಂದೇ ಬದುಕುತ್ತದೆ. ಸೂರ್ಯಕಾಂತಿ ತಿನ್ನುತ್ತದೆ ಅಂತ ಹಿಂದೊಮ್ಮೆ ಗುಲ್ಲೆದ್ದಿತ್ತು, ಹೇಳಿದಷ್ಟು ಹಾನಿ ಆಗಲಿಲ್ಲ. ಅದೊಂದರಿಂದಲೇ ದಾರಿ ಸ್ವಚ್ಛ ಆಗುವುದಿಲ್ಲ, ಆದರೂ ಬಿಟ್ಟಿ ಕೆಲಸದ ಆಳು.

ಯಾವುದಕ್ಕೆ ಏನು

ಇನ್ನೂರು ಮೀಟರ್ ಉದ್ದ, ಹತ್ತಡಿ ಅಗಲದ ದಾರಿ ಅಂದರೆ ಸುಮಾರು ಆರು ಗುಂಟೆ. ಕಸ ಎರಡು-ನಾಲ್ಕು ಎಲೆ ಇದ್ದಾಗ, ಮಳೆ ಬಿಟ್ಟು ಒಂದು ದಿನ ಬಿಸಿಲು ಕಂಡ ಮೇಲೆ, ಟ್ರ್ಯಾಕ್ಟರ್ ಹಿಂದೆ ಬ್ಲೇಡ್ ಕಟ್ಟಿ ಮೇಲಿನ ಒಂದಿಂಚು ಮಾತ್ರ ಎಳೆದರೆ ಬೇರು ಸಡಿಲಾಗಿ ಬಿಸಿಲಿಗೆ ಒಣಗುತ್ತದೆ. ಆಳಕ್ಕೆ ಹಚ್ಚಿದರೆ ಕೆಳಗಿನ ಎರಿ ಮಣ್ಣು ಮೇಲೆ ಬಂದು ಮೊದಲಿನದಕ್ಕಿಂತ ಜಾಸ್ತಿ ಕಸ. ಬೆಳಗ್ಗೆ ಎಳೆಯುವುದು ಲೇಸು, ಸಂಜೆ ಎಳೆದರೆ ರಾತ್ರಿಯ ತಂಪಿಗೆ ಅರ್ಧ ಮತ್ತೆ ಚಿಗುರುತ್ತದೆ. ಅಂಗಡಿ ಮುಂದಿನ ಸಣ್ಣ ಜಾಗಕ್ಕೆ ಸಲಿಕೆ, ಕುರ್ಪಿ ಸಾಕು.

ಬ್ರಷ್ ಕಟ್ಟರ್ ಈಗ ಊರೂರಿಗೆ ಬಾಡಿಗೆಗೆ ಸಿಗುತ್ತದೆ. ಮಣ್ಣಿನ ಬದುವಿಗೆ ಸರಿ, ಗರಸಿಗೆ ಅಲ್ಲ. ಕಲ್ಲು ಗುಂಡಿನಂತೆ ಸಿಡಿಯುತ್ತದೆ. ಮುಖದ ಗಾಜು ಇಲ್ಲದೆ, ಹತ್ತಿರ ಮಕ್ಕಳು, ಬೈಕು, ಕಾರು ಇರುವಾಗ ಹಚ್ಚಲೇಬಾರದು. ಅದು ಬೇರು ತೆಗೆಯುವುದೂ ಇಲ್ಲ, ಬುಡದಿಂದ ಮತ್ತೆ ಚಿಗುರಿ ಗಿಡ್ಡ ಗಿಡದಲ್ಲೇ ಹೂ ಬಿಡುತ್ತದೆ.

ಉಪ್ಪು ನೀರಿನ ಉಪಾಯ ಹಳೆಯದು. ಹದಿನೈದು ಲೀಟರಿನ ಒಂದು ಕೊಡಕ್ಕೆ ಎರಡೂವರೆಯಿಂದ ಮೂರು ಕೆಜಿ ಉಪ್ಪು ಕರಗಿಸಿ ಬಿಸಿಲಿನಲ್ಲಿ ಎಳೆಯ ಕಾಂಗ್ರೆಸ್ ಕಸಕ್ಕೆ ಹೊಡೆದರೆ ಸಾಯುತ್ತದೆ, ನಿಜ. ಕಲ್ಲು ಹಾಸಿನ ಸಂದಿಗೆ, ಕಾಂಪೌಂಡ್ ಬುಡಕ್ಕೆ ಒಂದು ಸಲ ಪರವಾಗಿಲ್ಲ. ಆರು ಗುಂಟೆ ದಾರಿಗೆ ವರ್ಷಾ ವರ್ಷ ಹೊಡೆದರೆ ಆ ಉಪ್ಪು ಮಳೆಗೆ ಬಾಜು ಹೊಲಕ್ಕೇ ಇಳಿಯುತ್ತದೆ. ಎರಿ ಭೂಮಿ ಸವಳಾದರೆ ಏನಾಗುತ್ತದೆ ಅಂತ ನದಿ ಕಡೆಯ ನೀರಾವರಿ ಹೊಲದವರಿಗೆ ಬಿಡಿಸಿ ಹೇಳಬೇಕಿಲ್ಲ. ಕಬ್ಬಿಣದ ಗೇಟಿಗೂ ಅದು ತುಕ್ಕು.

ನೆಗ್ಗಿಲ ಮುಳ್ಳಿನ ಬಳ್ಳಿಯನ್ನು ಕಾಯಿ ಕಟ್ಟುವ ಮೊದಲೇ ನಡುವಿನ ಬೇರು ಹಿಡಿದು ಎತ್ತಬೇಕು. ಒಣಗಿದ ಮುಳ್ಳು ಸೈಕಲ್ ಟ್ಯೂಬಿಗೆ ತೂತು, ಬರಿಗಾಲಿಗೆ ಗಾಯ. ಕರಿಕಿ ಮತ್ತು ಜೇಕು ಮಾತ್ರ ಬೇರೆ ಜಾತಿ. ಕರಿಕಿ ತುಂಡಾದಷ್ಟೂ ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ, ಜೇಕಿನ ಗಡ್ಡೆ ಒಳಗೆ ಸರ ಕಟ್ಟಿಕೊಂಡಿರುತ್ತದೆ. ಈ ಎರಡಕ್ಕೆ ಬ್ಲೇಡ್ ಹೊಡೆಸುವುದು ಅಂದರೆ ನಾಟಿ ಮಾಡಿಸಿದಂತೆ. ಎಣ್ಣಿಯ ಮಾತು ನಿಜವಾಗಿ ಬರುವುದು ಇಲ್ಲಿಯೇ.

ಎಣ್ಣಿ ಹೊಡೆಯುವುದಾದರೆ

ಗ್ಲೈಫೋಸೇಟ್ ಹಸಿರು ಎಲೆಯ ಮೂಲಕ ಬೇರಿಗೆ ಇಳಿಯುವ ಔಷಧ. ಮಣ್ಣಿಗೆ ಬಿದ್ದದ್ದು ಮಣ್ಣಿಗೆ ಅಂಟಿಕೊಂಡು ಕೆಲಸ ಬಿಡುತ್ತದೆ. ಆದ್ದರಿಂದ ಬರಿ ನೆಲಕ್ಕೆ ಹೊಡೆಯುವುದು ದಂಡ, ಕೆರೆಯ ಕೆಸರು ನೀರು ಕಲಸುವುದೂ ದಂಡ. ಹೊಡೆದ ಆರು ಗಂಟೆಯೊಳಗೆ ಮಳೆ ಬಂದರೆ ಅದೂ ದಂಡ. ಎಲೆ ಹಳದಿಯಾಗಲು ವಾರ, ಬೇರು ಸಾಯಲು ಇನ್ನೊಂದು ವಾರ ಬೇಕು. ಮೂರನೇ ದಿನಕ್ಕೆ "ಇನ್ನೂ ಹಸಿರದ" ಅಂತ ಎರಡನೇ ಸಲ ಹೊಡೆಯುವವರಿದ್ದಾರೆ, ದುಡ್ಡು ಹೋಗುತ್ತದೆ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಇದನ್ನು ಕ್ಯಾನ್ಸರ್ ತರುವ ಸಂಭವ ಇರುವ ಪದಾರ್ಥಗಳ ಪಟ್ಟಿಗೆ ಸೇರಿಸಿತು. ಅಮೆರಿಕದ ಪರಿಸರ ಸಂಸ್ಥೆ ಅದನ್ನು ಒಪ್ಪಿಲ್ಲ.

ಕಾನೂನಿನ ವಿಷಯ ಅಂಗಡಿಯವರು ಗಮನಿಸಬೇಕು. ಕೇಂದ್ರ ಕೃಷಿ ಸಚಿವಾಲಯ 2022ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆ, ಗ್ಲೈಫೋಸೇಟ್ ಬಳಕೆಯನ್ನು ಪರವಾನಗಿ ಇರುವ ಕೀಟ ನಿಯಂತ್ರಣ ಕೆಲಸಗಾರರಿಗೆ ಮಾತ್ರ ಸೀಮಿತ ಮಾಡಿತು. ಮಾರುವ ಮುಂಚೆ, ಕೊಳ್ಳುವ ಮುಂಚೆ ಸದ್ಯದ ನಿಯಮ ಏನು ಅಂತ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಳ್ಳುವುದು ಕ್ಷೇಮ.

ದಾರಿಗೆ ಅಂತ ಎಂದೂ ತರಬಾರದ್ದು 2,4-ಡಿ. ಗೋವಿನಜೋಳಕ್ಕೆ ತಂದದ್ದು ಮನೆಯಲ್ಲಿ ಉಳಿದಿರುತ್ತದೆ, ಅಗಲ ಎಲೆಯ ಕಸ ಸಾಯುತ್ತದೆ ಅಂತ ದಾರಿಗೆ ಹೊಡೆಯುತ್ತಾರೆ. ಹತ್ತಿಗೆ ಇದರಷ್ಟು ವೈರಿ ಇನ್ನೊಂದಿಲ್ಲ. ಗಾಳಿಗೆ ಹಾರಿದ ಹನಿಯ ಮಾತಿರಲಿ, ಇದರ ಈಸ್ಟರ್ ರೂಪ ಬಿಸಿಲಿಗೆ ಆವಿಯಾಗಿ ಹೋಗಿಯೂ ಪೆಟ್ಟು ಕೊಡುತ್ತದೆ. ಹತ್ತಿಯ ಹೊಸ ಎಲೆ ಬೆಂಡೆಯ ಎಲೆಯಂತೆ ಸೀಳಿ, ಬೆರಳು ಬೆರಳಾಗಿ ಸುರುಟುತ್ತದೆ, ಕಾಯಿ ಕಟ್ಟುವುದು ಕುಸಿಯುತ್ತದೆ. ಟೊಮೇಟೊ, ಮೆಣಸಿನಗಿಡಕ್ಕೂ ಹೀಗೆಯೇ. ವೈರಸ್ ರೋಗ ಅಂತ ತಿಳಿದು ಇನ್ನೊಂದು ಎಣ್ಣಿ ತರುವವರೂ ಇದ್ದಾರೆ.

ಕಸದ ಎಣ್ಣಿಗೆ ಬೇರೆಯದೇ ಪಂಪ್ ಇಡಬೇಕು. ಅದೇ ಪಂಪಿನಲ್ಲಿ ನಾಳೆ ಹತ್ತಿಗೆ ಹುಳದ ಔಷಧ ಹೊಡೆದರೆ, ಪೈಪಿನಲ್ಲಿ ಉಳಿದ ಚೂರೇ ಸಾಕು. ಗೋವಿನಜೋಳದ ಅಟ್ರಾಜಿನ್ ಉಳಿದದ್ದನ್ನು ದಾರಿಗೆ ಚೆಲ್ಲುವುದೂ ತಪ್ಪು. ಅದು ಮಣ್ಣಿನಲ್ಲಿ ಬಹಳ ದಿನ ಉಳಿದು, ಮಳೆನೀರಿನ ಜೊತೆ ಹರಿದು ತರಕಾರಿ ಮಡಿಗೆ, ಬಾವಿಗೆ ಸೇರುತ್ತದೆ.

ಗ್ಲೈಫೋಸೇಟ್ ಹೊಡೆಸುವುದಾದರೂ ಗಾಳಿ ಇಲ್ಲದ ಮುಂಜಾನೆ, ನಳಿಕೆಗೆ ಹುಡ್ ಹಾಕಿಸಿ, ಮೊಣಕಾಲಿಗಿಂತ ಕೆಳಗೆ ಹಿಡಿದು, ಕರಿಕಿ-ಜೇಕಿನ ತೇಪೆಗೆ ಮಾತ್ರ. ಬಾಜು ಹೊಲದವರಿಗೆ ಮುಂಚಿನ ದಿನ ಒಂದು ಮಾತು ಹೇಳುವುದು ಕಾನೂನಿನಲ್ಲಿ ಇರಲಿ ಬಿಡಲಿ, ಊರಿನ ರೀತಿ.

ಪ್ಯಾರಾಕ್ವಾಟ್ ಬಗ್ಗೆ ಒಂದೇ ಮಾತು: ಹೊಟ್ಟೆಗೆ ಹೋದರೆ ಇದಕ್ಕೆ ಮದ್ದಿಲ್ಲ, ಒಂದು ಗುಟುಕೇ ಪ್ರಾಣ ತೆಗೆಯಬಲ್ಲದು. ಡಬ್ಬಿಯ ಮೇಲಿನ ಬಣ್ಣ ನೋಡಿ. ಕೆಂಪು ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಅಂಗಡಿಯಲ್ಲಿ ಯಾವ ಎಣ್ಣಿಯನ್ನೂ ನೀರಿನ ಬಾಟಲಿಗೆ, ಕೂಲ್‌ಡ್ರಿಂಕ್ಸ್ ಬಾಟಲಿಗೆ ಬಗ್ಗಿಸಿ ಕೊಡಬಾರದು, ಗಿರಾಕಿ ಎಷ್ಟೇ ಒತ್ತಾಯ ಮಾಡಲಿ. ಸೀಲ್ ಇರುವ ಡಬ್ಬಿ, ಬಿಲ್ಲು, ಕನ್ನಡದ ಚೀಟಿ ಮೂರೂ ಬೇಕು. ಯಾರಾದರೂ ಕುಡಿದಿದ್ದರೆ, ಮೈಮೇಲೆ ಚೆಲ್ಲಿಕೊಂಡಿದ್ದರೆ 108ಕ್ಕೆ ಕರೆ ಮಾಡಿ, ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಬೇಕು. ಯಾವ ವಿಷ ಅಂತ ಗೊತ್ತಾಗದೆ ವೈದ್ಯರ ಸಮಯ ಹೋಗುವುದು ಬೇಡ.

ದಾರಿಯನ್ನೇ ಸರಿ ಮಾಡುವುದು

ಪ್ರತಿ ವರ್ಷದ ಕಾಟ ತಪ್ಪಬೇಕಾದರೆ ಒಂದು ಬೇಸಿಗೆ ದಾರಿಗೆ ಕೈ ಹಾಕಬೇಕು. ನಡುವೆ ಎತ್ತರ, ಎರಡೂ ಬದಿಗೆ ಇಳಿಜಾರು: ಹತ್ತಡಿ ಅಗಲಕ್ಕೆ ನಡುಭಾಗ ಎರಡರಿಂದ ಎರಡೂವರೆ ಇಂಚು ಎತ್ತರ ಇದ್ದರೆ ನೀರು ನಿಲ್ಲುವುದಿಲ್ಲ. ಬದಿಗೆ ಕಾಲುವೆ ತೆಗೆದು ಅದರ ಮಣ್ಣನ್ನು ದಾರಿಗೆ ಎಳೆಯದೆ ಹೊಲದ ಕಡೆಗೆ ಹಾಕಬೇಕು. ಎರಿ ಮಣ್ಣಿನ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ ಗರಸು ಹಾಕಿದರೆ ಕಲ್ಲು ಕೆಳಗೆ ಇಳಿಯುವುದು ತಪ್ಪುತ್ತದೆ. ತೆಳು ಪ್ಲಾಸ್ಟಿಕ್ ಹಾಳೆ ಹಾಸಬೇಡಿ, ನೀರು ನಿಂತು ಹರಿದು ಒಂದೇ ವರ್ಷಕ್ಕೆ ತೇಪೆ ತೇಪೆ ಮೇಲೆ ಬರುತ್ತದೆ.

ಇನ್ನೂರು ಮೀಟರ್ ದಾರಿಗೆ ನಾಲ್ಕಿಂಚು ಗರಸು ಅಂದರೆ ಸುಮಾರು 22 ಬ್ರಾಸ್. ಮೇಲೆ ಒಂದಿಂಚು ಕ್ರಷರ್ ಪುಡಿ ಹಾಕಿದರೆ ಇನ್ನೊಂದು ಐದೂವರೆ ಬ್ರಾಸ್. ಖರ್ಚು ಇದ್ದೇ ಇದೆ. ನೀರು ಹೊಡೆದು ರೋಲರ್ ಓಡಿಸದೆ ಬಿಟ್ಟರೆ ಆ ಖರ್ಚು ವ್ಯರ್ಥ. ಗಟ್ಟಿಯಾಗಿ ಕೂತ ಗರಸಿನಲ್ಲಿ ಬೀಜಕ್ಕೆ ಬೇರೂರುವ ಜಾಗ ಸಿಗುವುದಿಲ್ಲ. ದಿನಾ ಗಾಲಿ ಓಡುವ ಗೆರೆಯಲ್ಲಿ ಕಸ ಇಲ್ಲದಿರುವುದು ಅದೇ ಕಾರಣಕ್ಕೆ.

ಕಸದ ಗುರುತು, ಔಷಧದ ಪ್ರಮಾಣ ಕೇಳಬೇಕಾದವರು ಒಂದು ಗಿಡವನ್ನು ಬೇರು ಸಮೇತ ಕಿತ್ತುಕೊಂಡು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಬಹುದು. ಮುಂಗಾರಿನಲ್ಲಿ ದಾರಿ ಸ್ವಚ್ಛ ಮಾಡಿಸಿದವರು ಹುಬ್ಬಿ, ಉತ್ತರಿ ಮಳೆ ಮುಗಿದ ಮೇಲೆ ಇನ್ನೊಮ್ಮೆ ದಾರಿ ನೋಡಬೇಕು. ಹಿಂಗಾರಿಗೆ ಎರಡನೇ ಹುಟ್ಟು ಬರುತ್ತದೆ. ಅದು ಕಡಿಮೆ ಇರುತ್ತದೆ, ಅರ್ಧ ದಿನದ ಆಳು ಸಾಕು.