ಮಸ್ಕಿಯ ಶಾಸನವೂ ಗಣಕಯಂತ್ರದ ಪರ್ಯಾಯನಾಮಗಳೂ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹಾದಿಯಲ್ಲಿರುವ ಮಸ್ಕಿಯು ಇತಿಹಾಸಾಭ್ಯಾಸಿಗಳಿಗೆ ಸುಪರಿಚಿತವಾದ ಸ್ಥಳ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಅವರು ಇಲ್ಲಿ ಕಂಡುಹಿಡಿದ ಕಿರು ಬಂಡೆಶಾಸನವನ್ನು ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಸಂಪಾದಿಸಿ ಪ್ರಕಟಿಸಿದರು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ದೊರೆಯು 'ದೇವಾನಂಪಿಯ', 'ಪಿಯದಸಿ' ಎಂಬ ಬಿರುದುಗಳಿಂದಲೇ ಉಕ್ತನಾಗಿದ್ದನು. ಅವನೇ ಅಶೋಕನೆಂದು 1837ರಲ್ಲಿ ಜಾರ್ಜ್ ಟರ್ನರ್ ಅವರು ಸಿಂಹಳದ ಗ್ರಂಥಾಧಾರದಿಂದ ಪ್ರತಿಪಾದಿಸಿದ್ದರು. ಬಿರುದನ್ನೂ ಹೆಸರನ್ನೂ ಒಂದೆಡೆ ಹೇಳುವ ಮಸ್ಕಿಯ ಬಂಡೆಯು ಆ ಮತವನ್ನು ಸ್ಥಿರಪಡಿಸಿತು. ಮುಂದೆ ದೊರೆತ ಗುಜರ್ರಾ, ನಿಟ್ಟೂರು, ಉಡೇಗೋಳದ ಶಾಸನಗಳೂ ಅದನ್ನೇ ಸಮರ್ಥಿಸಿದವು.

ಒಂದೇ ವಸ್ತುವಿಗೆ ಎರಡು ಹೆಸರುಗಳಿರುವಾಗ ಅವನ್ನು ಕೂಡಿಸುವ ದಾಖಲೆಯ ಬೆಲೆ ಇದರಿಂದ ವಿದಿತವಾಗುತ್ತದೆ. ತೀರ ಈಚಿನ ಆಕರಗಳಲ್ಲಿಯೂ ಇದೇ ಪ್ರಶ್ನೆ ತಲೆದೋರುತ್ತದೆಂಬುದನ್ನು ನಾವು ಇಲ್ಲಿ ಸಂಗ್ರಹವಾಗಿ ವಿವೇಚಿಸಬಯಸುತ್ತೇವೆ.

ಗ್ಯಾರಿ ಕಿಲ್ಡಾಲ್ ಅವರು 1974ರಲ್ಲಿ ರಚಿಸಿದ ಸಿಪಿ/ಎಂ ವ್ಯವಸ್ಥೆಯಲ್ಲಿ ಪ್ರತಿಯೊಂದು ಫ್ಲಾಪಿ ಡ್ರೈವಿಗೂ ಎ, ಬಿ ಎಂಬಂತೆ ಒಂದೊಂದು ಅಕ್ಷರವೇ ಹೆಸರಾಗಿತ್ತು. 1981ರಲ್ಲಿ ಐಬಿಎಂ ಪಿಸಿಯೊಡನೆ ಬಂದ ಡಾಸ್ ಈ ಪದ್ಧತಿಯನ್ನೇ ಅನುಸರಿಸಿತು. ಆಗ ಡೈರೆಕ್ಟರಿಗಳಿರಲಿಲ್ಲ. 1983ರಲ್ಲಿ 10 ಮೆಗಾಬೈಟ್ ಹಾರ್ಡ್ ಡಿಸ್ಕಿನ ಪಿಸಿ ಎಕ್ಸ್‌ಟಿ ಯಂತ್ರವೂ ಡಾಸ್ 2.0 ಆವೃತ್ತಿಯೂ ಬಂದ ಮೇಲೆ ಡೈರೆಕ್ಟರಿಗಳು ಬಳಕೆಗೆ ಬಂದವು. ಆದರೆ ವರ್ಡ್‌ಸ್ಟಾರ್ 3.3ರಂಥ ಹಳೆಯ ಪ್ರೋಗ್ರಾಮುಗಳಿಗೆ ಡ್ರೈವಿನ ಅಕ್ಷರ ತಿಳಿಯುತ್ತಿತ್ತೇ ಹೊರತು ಡೈರೆಕ್ಟರಿಯ ಹಾದಿ ತಿಳಿಯುತ್ತಿರಲಿಲ್ಲ.

ಈ ತೊಡಕಿಗೆ ಪರಿಹಾರವಾಗಿ 1984-85ರ ಡಾಸ್ 3.1ರಲ್ಲಿ 'ಸಬ್‌ಸ್ಟ್' ಎಂಬ ಆಜ್ಞೆ ಸೇರಿತು. ಇದರಿಂದ 'ಸಿ' ಡ್ರೈವಿನ ಒಂದು ಡೈರೆಕ್ಟರಿಗೆ 'ಇ' ಎಂಬ ಅಕ್ಷರವನ್ನು ಕೊಡಬಹುದಾಗಿತ್ತು. ಪ್ರೋಗ್ರಾಮು ಅದನ್ನು ಬೇರೊಂದು ಡಿಸ್ಕೆಂದೇ ಭಾವಿಸುತ್ತಿತ್ತು. ಡ್ರೈವೊಂದನ್ನು ಡೈರೆಕ್ಟರಿಯಾಗಿ ಕಾಣಿಸುವ 'ಜಾಯಿನ್' ಇದರ ವಿಲೋಮಕ್ರಮ. 'ಇ'ಯನ್ನು ಮೀರಿದ ಅಕ್ಷರ ಬೇಕಾದರೆ ಸಂರಚನಾ ಕಡತದಲ್ಲಿ 'ಲಾಸ್ಟ್‌ಡ್ರೈವ್' ಎಂಬ ಸಾಲನ್ನು ಬರೆಯಬೇಕಾಗಿತ್ತು.

ಇತಿಹಾಸಕಾರನು ಮುಖ್ಯವಾಗಿ ಗಮನಿಸಬೇಕಾದ ಅಂಶ ಮುಂದಿನದು. ಈ ಸಂಬಂಧವು ಯಂತ್ರದ ಸ್ಮೃತಿಯಲ್ಲಿ ಮಾತ್ರ ಇರುತ್ತಿತ್ತು; ಯಂತ್ರವನ್ನು ನಿಲ್ಲಿಸಿದೊಡನೆ ಅಳಿಯುತ್ತಿತ್ತು. ಆದಕಾರಣ ಬಳಕೆದಾರರು ಆಜ್ಞೆಯನ್ನು 'ಆಟೋಎಕ್ಸೆಕ್' ಎಂಬ ಆರಂಭಕಡತದಲ್ಲಿ ಬರೆದಿಡುವುದು ವಾಡಿಕೆಯಾಯಿತು. ಆ ಕಾಲದ ಪಟ್ಟಿಯೊಂದರಲ್ಲಿ 'ಇ' ಎಂದಿದ್ದರೆ ಅದು ನಿಜವಾದ ಡಿಸ್ಕಾಗಿರಬಹುದು, ಜಾಲದ ಮೂಲಕ ಬಂದ ಡ್ರೈವಾಗಿರಬಹುದು, ಇಲ್ಲವೆ 'ಸಿ'ಯೊಳಗಿನ ಡೈರೆಕ್ಟರಿಯೇ ಆಗಿರಬಹುದು. ಪಟ್ಟಿಯೊಂದರಿಂದಲೇ ಇದು ನಿರ್ಣಯವಾಗದು. 'ಇ'ಯನ್ನು ಬೇರೆ ಡಿಸ್ಕೆಂದು ನಂಬಿದವನು ಒಂದೇ ದಾಖಲೆಯನ್ನು ಎರಡೆಂದು ಎಣಿಸಬಹುದು, ಅಥವಾ ಇರುವ ದಾಖಲೆಯನ್ನು ಕಳೆದುಹೋಯಿತೆಂದು ಕೈಬಿಡಬಹುದು.

ಆದುದರಿಂದ ಕಾಲೇಜುಗಳಲ್ಲಿ ಉಳಿದಿರಬಹುದಾದ ಹಳೆಯ ಡಿಸ್ಕುಗಳ ಪ್ರತಿ ತೆಗೆಯುವವರು ಬರೆಹದ ಕಡತಗಳಷ್ಟರಿಂದಲೇ ತೃಪ್ತರಾಗದೆ ಆರಂಭಕಡತವನ್ನೂ ಸಂರಚನಾ ಕಡತವನ್ನೂ ಜೊತೆಯಲ್ಲಿಯೇ ಸಂರಕ್ಷಿಸತಕ್ಕದ್ದು. ಕೆಲವೇ ಸಾಲುಗಳ ಆ ಕಡತಗಳು ನಿರುಪಯುಕ್ತವೆಂದು ತೋರಬಹುದು. ಆದರೆ ಎರಡು ಹೆಸರುಗಳು ಒಂದೇ ವಸ್ತುವಿನವು ಎಂದು ಹೇಳುವ ಸಾಕ್ಷಿ ಅವುಗಳಲ್ಲಿಯೇ ಇರುತ್ತದೆ. ಮಸ್ಕಿಯ ಶಾಸನದಲ್ಲಿಯೂ ನಿರ್ಣಾಯಕವಾದದ್ದು ಒಂದೇ ಒಂದು ಹೆಸರಲ್ಲವೆ?