ನಿಂತಲ್ಲೇ ನಡುಗುವ ಗಾಡಿ

ನಮ್ಮ ಮನೆಯ ಕಾರು ಓಡುವಾಗ ಚೆನ್ನಾಗಿಯೇ ಓಡುತ್ತಿತ್ತು. ರೈಲ್ವೆ ಗೇಟಿನ ಮುಂದೆ ನಿಂತಾಗ ಮಾತ್ರ ಅದಕ್ಕೆ ಚಳಿಜ್ವರ ಬರುತ್ತಿತ್ತು. ಸ್ಟಿಯರಿಂಗ್ ಹಿಡಿದ ಕೈ ಜುಮ್ಮೆನ್ನುವುದು, ಬಾಗಿಲ ಗಾಜು ಕಟಕಟ ಎನ್ನುವುದು, ಹಿಂದಿನ ಸೀಟಿನಲ್ಲಿಟ್ಟ ಊಟದ ಡಬ್ಬಿ ತಾಳ ಹಾಕುವುದು. ಗೇಟು ತೆಗೆದು ಗಾಡಿ ಹೊರಟಿತೆಂದರೆ ಎಲ್ಲವೂ ಮಾಯ. ಡಾಕ್ಟರ ಮುಂದೆ ಕೂತೊಡನೆ ನೋವು ಕಾಣೆಯಾಗುತ್ತದಲ್ಲ, ಹಾಗೆ.

ಯಜಮಾನರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ, ಅವರು ಗಾಡಿ ಓಡಿಸುವುದನ್ನು ಬಿಟ್ಟು ಮೂರು ವರ್ಷವಾಯಿತು. ಐವತ್ತು ದಾಟಿದ ಮೇಲೆ ನಾನು ಡ್ರೈವಿಂಗ್ ಕಲಿತೆ. ಎರಡು ತಿಂಗಳಿಗೊಮ್ಮೆ ಹಾವೇರಿಯಿಂದ ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ಅವರನ್ನು ಕರೆದುಕೊಂಡು ಹೋಗುವವಳು ನಾನೇ. ಕಣ್ಣಿಗೆ ಇಂಜೆಕ್ಷನ್ ಹಾಕಿಸಿಕೊಂಡವರನ್ನು ಬಸ್ಸಿನ ನೂಕುನುಗ್ಗಲಿನಲ್ಲಿ ಕರೆತರುವುದು ಎಷ್ಟು ಕಷ್ಟವೆಂದು ಅನುಭವಿಸಿದವರಿಗೇ ಗೊತ್ತು. ಹಾಗಾಗಿ ಆ ಹಳೆಯ ಕಾರು ನಮಗೆ ಶೋಕಿಯ ವಸ್ತುವಾಗಿರಲಿಲ್ಲ.

ನಡುಕ ಶುರುವಾದಾಗ ಒಂದು ಗ್ಯಾರೇಜಿಗೆ ಬಿಟ್ಟೆವು. ಅಲ್ಲಿ ಸ್ಪಾರ್ಕ್ ಪ್ಲಗ್ ಬದಲಾಯಿಸಿದರು, ಪ್ಲಗ್ ವೈರ್ ಬದಲಾಯಿಸಿದರು, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ತೊಳೆದರು. ಬಿಲ್ಲು ಬಂತು, ನಡುಕ ಹೋಗಲಿಲ್ಲ. ಮತ್ತೆ ಕೇಳಿದರೆ, "ಎಂಜಿನ್ ಮುಗೀತು ಮೇಡಂ, ಕೊಟ್ಟುಬಿಡಿ" ಎಂದರು. ಮನೆಗೆ ಬಂದು ಹೇಳಿದೆ. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾರಿಬಿಡೂಣು ತಗೋ. ಅದಕ್ಕೂ ವಯಸ್ಸಾತು, ನನಗೂ ಆತು" ಎಂದರು. ಆ ಮಾತು ಗಾಡಿಯೊಂದನ್ನೇ ಕುರಿತು ಆಡಿದ್ದಲ್ಲವೆಂದು ನನಗೆ ತಿಳಿಯಿತು. ಮಾರುವ ಮೊದಲು ಅದು ಯಾಕೆ ನಡುಗುತ್ತದೆಂದು ತಿಳಿಯಲೇಬೇಕೆಂದು ಹಟ ಹಿಡಿದೆ.

ಇತಿಹಾಸ ಪಾಠ ಮಾಡುವವಳಿಗೆ ಒಂದು ಚಟ. ಯಾವುದೇ ವಿಷಯವಿರಲಿ, ಮೊದಲಿನಿಂದ ಶುರುಮಾಡದಿದ್ದರೆ ತಲೆಗೆ ಹತ್ತುವುದಿಲ್ಲ. ಓದುತ್ತ ಹೋದಂತೆ ಗೊತ್ತಾಯಿತು, ಕಾರಿನ ನಡುಕ ಕಾರಿನಷ್ಟೇ ಹಳೆಯದು.

1876ರಲ್ಲಿ ಜರ್ಮನಿಯ ನಿಕೋಲಸ್ ಓಟೋ ನಾಲ್ಕು ಹೊಡೆತದ ಎಂಜಿನ್ನನ್ನು ನಡೆಸಿ ತೋರಿಸಿದ. ಅದರ ಸೂತ್ರ ಇಷ್ಟೇ. ಕೊಳವೆಯಂಥ ಸಿಲಿಂಡರಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಒಮ್ಮೆ ಇಂಧನ ಮತ್ತು ಗಾಳಿಯನ್ನು ಒಳಗೆಳೆಯುತ್ತದೆ, ಒಮ್ಮೆ ಒತ್ತುತ್ತದೆ, ಒಮ್ಮೆ ಒಳಗೆ ಹೊತ್ತಿ ಉರಿದು ತಳ್ಳಿಸಿಕೊಳ್ಳುತ್ತದೆ, ಒಮ್ಮೆ ಹೊಗೆಯನ್ನು ಹೊರಗೆ ಹಾಕುತ್ತದೆ. ನಾಲ್ಕರಲ್ಲಿ ದುಡಿಮೆ ಒಂದೇ ಸಲ, ಮಿಕ್ಕ ಮೂರು ಸಲವೂ ಖರ್ಚೇ. ಒಬ್ಬ ದುಡಿದು ಮೂವರು ಉಣ್ಣುವ ಮನೆಯ ಹಾಗೆ! ಹೀಗಾಗಿ ಬಲ ಒಂದೇ ಸಮನೆ ಬರುವುದಿಲ್ಲ, ಗುದ್ದು ಗುದ್ದಾಗಿ ಬರುತ್ತದೆ. ನಡುಕದ ಮೂಲ ಅಲ್ಲಿಯೇ ಇದೆ.

ಆ ಗುದ್ದನ್ನು ಸಮ ಮಾಡುವ ಉಪಾಯ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಬೀಸುಕಲ್ಲಿನ ಮುಂದೆ ಕೂತವರು ನೆನಪಿಸಿಕೊಳ್ಳಿ. ಕೈ ಒಂದು ಕಡೆ ಜೋರಾಗಿ ಎಳೆಯುತ್ತದೆ, ಇನ್ನೊಂದು ಕಡೆ ಸಡಿಲವಾಗುತ್ತದೆ. ಆದರೂ ಕಲ್ಲು ನಿಲ್ಲುವುದಿಲ್ಲ. ಅದರ ಭಾರವೇ ಅದನ್ನು ತಿರುಗಿಸಿಕೊಂಡು ಹೋಗುತ್ತದೆ. ಎಂಜಿನ್ನಿನಲ್ಲಿ ಈ ಕೆಲಸ ಮಾಡುವ ಭಾರದ ಚಕ್ರಕ್ಕೆ ಫ್ಲೈವೀಲ್ ಎನ್ನುತ್ತಾರೆ. ಕಾರ್ಲ್ ಬೆಂಜ್ 1886ರ ಜನವರಿ 29ರಂದು ಪೇಟೆಂಟಿಗೆ ಅರ್ಜಿ ಹಾಕಿದ ಮೂರು ಗಾಲಿಯ ಮೋಟಾರು ಗಾಡಿಗೆ ಇದ್ದದ್ದು ಒಂದೇ ಸಿಲಿಂಡರು. ಅದರ ಹಿಂಭಾಗದಲ್ಲಿ ದೊಡ್ಡದೊಂದು ಫ್ಲೈವೀಲು ಥೇಟು ಬೀಸುಕಲ್ಲಿನಂತೆ ಅಡ್ಡಡ್ಡ ಮಲಗಿತ್ತು. ಅದನ್ನು ಕೈಯಿಂದ ತಿರುಗಿಸಿಯೇ ಗಾಡಿ ಚಾಲೂ ಮಾಡುತ್ತಿದ್ದರು.

ಗಾಡಿ ಮಾಡಿದವನು ಕಾರ್ಲ್. ಅದರ ಕಾಯಿಲೆ ಹುಡುಕುವುದನ್ನು ದಾರಿಯಲ್ಲಿ ನಿಂತು ಕಲಿತವಳು ಅವನ ಹೆಂಡತಿ ಬೆರ್ಟಾ ಬೆಂಜ್. ಮದುವೆಗೆ ಮೊದಲೇ ತನ್ನ ವರದಕ್ಷಿಣೆಯ ಹಣವನ್ನು ಅವನ ಕಾರ್ಖಾನೆಗೆ ಹಾಕಿದ್ದವಳು ಅವಳು. 1888ರ ಆಗಸ್ಟಿನಲ್ಲಿ ಒಂದು ಬೆಳಗ್ಗೆ, ಗಂಡನಿಗೆ ಮೊದಲೇ ಹೇಳದೆ, ಇಬ್ಬರು ಗಂಡುಮಕ್ಕಳಾದ ಆಯ್‌ಗೆನ್ ಮತ್ತು ರಿಚರ್ಡರನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ತವರೂರು ಫೋರ್ಟ್ಸ್‌ಹೈಮಿಗೆ ಹೊರಟಳು. ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಅಷ್ಟು ದೂರ ಆವರೆಗೆ ಯಾರೂ ಮೋಟಾರು ಗಾಡಿಯಲ್ಲಿ ಹೋಗಿರಲಿಲ್ಲ. ಪೆಟ್ರೋಲ್ ಬಂಕು ಎಂಬುದೇ ಇರಲಿಲ್ಲ. ವೀಸ್‌ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಲಿಗ್ರೋಯಿನ್ ಎಂಬ ದ್ರವ ಕೊಂಡು ಗಾಡಿಗೆ ಸುರಿದಳು.

ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಿತು. ಟೋಪಿಗೆ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದು ಚುಚ್ಚಿ ಸರಿಮಾಡಿದಳು. ಕಿಡಿ ಒಯ್ಯುವ ತಂತಿಯ ಹೊದಿಕೆ ಹಾಳಾಯಿತು. ಕಾಲುಚೀಲ ಜಾರದಂತೆ ಕಟ್ಟಿಕೊಳ್ಳುವ ಪಟ್ಟಿ ಬಿಚ್ಚಿ ಅದಕ್ಕೆ ಸುತ್ತಿದಳು. ಬ್ರೇಕಿನ ಮರ ಸವೆಯಿತು. ಚಮ್ಮಾರನ ಹತ್ತಿರ ಹೋಗಿ ತೊಗಲು ಹೊಡೆಸಿದಳು. ಸಂಜೆಗೆ ತವರು ತಲುಪಿ ಗಂಡನಿಗೆ ತಂತಿ ಕಳಿಸಿದಳು. ಏರಿನಲ್ಲಿ ಗಾಡಿಯನ್ನು ಮಕ್ಕಳು ತಳ್ಳಬೇಕಾಯಿತಲ್ಲ, ಅದಕ್ಕೆ ಇನ್ನೊಂದು ಗೇರು ಬೇಕೆಂದು ಹೇಳಿದಳು. ಕಾರ್ಲ್ ಅದನ್ನೂ ಸೇರಿಸಿದ.

ಈ ಕತೆಯಲ್ಲಿ ಸೂಜಿ ಮತ್ತು ಪಟ್ಟಿಯದು ಮಾತ್ರ ಎಲ್ಲರ ಬಾಯಲ್ಲಿದೆ. ನನಗೆ ದೊಡ್ಡದಾಗಿ ಕಂಡದ್ದು ಬೇರೆ. ಇಂಧನ ಬರುತ್ತಿಲ್ಲವೋ, ಕಿಡಿ ಬರುತ್ತಿಲ್ಲವೋ ಎಂದು ಅವಳು ಬೇರ್ಪಡಿಸಿ ನೋಡಿದಳು. ಕಿಡಿ ಇಲ್ಲದಾಗ ಕೊಳವೆ ಚುಚ್ಚುತ್ತ ಕೂರಲಿಲ್ಲ. ಇಂದಿಗೂ ಮೆಕ್ಯಾನಿಕ್ಕುಗಳು ಮೊದಲು ನೋಡುವುದು ಈ ಎರಡನ್ನೇ. ಇಪ್ಪತ್ತೊಂದು ವರ್ಷಗಳ ನಂತರ, 1909ರಲ್ಲಿ, ಇಂಗ್ಲೆಂಡಿನ ಡೊರೊತಿ ಲೆವಿಟ್ ಎಂಬ ಚಾಲಕಿ ಹೆಂಗಸರಿಗಾಗಿಯೇ ಕಾರಿನ ಬಗ್ಗೆ ಪುಸ್ತಕ ಬರೆದಳು. ಹಿಂದೆ ಬರುವ ಗಾಡಿ ಕಾಣಲು ಕೈಗನ್ನಡಿ ಇಟ್ಟುಕೊಳ್ಳಿರೆಂದು ಸಲಹೆ ಕೊಟ್ಟದ್ದೂ ಅದರಲ್ಲಿಯೇ. ಕೆಟ್ಟ ಎಂಜಿನ್ನಿಗೆ ಹೆದರಿ ದಾರಿಯಲ್ಲಿ ಕೂರಬೇಕಿಲ್ಲವೆಂದು ಅವಳು ಆಗಲೇ ಹೇಳಿದ್ದಳು. ಇದನ್ನೆಲ್ಲ ಓದಿದ ಮೇಲೆ ನನಗೂ ಬಾನೆಟ್ ಎತ್ತುವ ಧೈರ್ಯ ಬಂತು.

ಒಂದು ಸಿಲಿಂಡರಿನ ಕುಲುಕಾಟ ತಡೆಯಲು ಎರಡು, ನಾಲ್ಕು, ಆರು ಸಿಲಿಂಡರು ಜೋಡಿಸತೊಡಗಿದರು. ಎದುರುಬದುರು ಕೂತ ಇಬ್ಬರು ಹೆಂಗಸರು ಬೀಸಿದರೆ ಕಲ್ಲು ಹಗುರವಾಗಿ ತಿರುಗುವುದಿಲ್ಲವೇ? ನಾಲ್ಕು ಸಿಲಿಂಡರಿನಲ್ಲಿ ಎರಡು ಪಿಸ್ಟನ್ ಮೇಲೆ ಹೋಗುವಾಗ ಎರಡು ಕೆಳಗೆ ಬರುತ್ತವೆ. ಲೆಕ್ಕ ಸರಿಹೋಗಬೇಕಿತ್ತು. ಆದರೆ ಹೋಗಲಿಲ್ಲ. ಪಿಸ್ಟನ್ನನ್ನು ಹಿಡಿದ ತೋಳು ಓರೆಯಾಗುವುದರಿಂದ ಪಿಸ್ಟನ್ನಿನ ವೇಗ ಮೇಲಿನ ಅರ್ಧದಲ್ಲಿ ಹೆಚ್ಚು, ಕೆಳಗಿನ ಅರ್ಧದಲ್ಲಿ ಕಡಿಮೆ. ಆ ವ್ಯತ್ಯಾಸ ಒಂದು ಸುತ್ತಿಗೆ ಎರಡು ಬಾರಿ ಎಂಜಿನ್ನನ್ನು ಅದುರಿಸುತ್ತದೆ.

ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬಾತ ಇದಕ್ಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಮದ್ದು ಕಂಡುಹಿಡಿದ. ಒಂದು ಬದಿ ಭಾರವಿರುವ ಎರಡು ದಂಡಗಳನ್ನು ಎಂಜಿನ್ನಿನ ಎರಡು ಪಟ್ಟು ವೇಗದಲ್ಲಿ ಒಂದಕ್ಕೊಂದು ವಿರುದ್ಧವಾಗಿ ತಿರುಗಿಸಿದರೆ ಆ ನಡುಕ ರದ್ದಾಗುತ್ತದೆ. ಉಪಾಯ ಅಚ್ಚುಕಟ್ಟು, ಖರ್ಚು ಹೆಚ್ಚು. ಹಾಗಾಗಿ ಬಹುಕಾಲ ಮೂಲೆಯಲ್ಲಿ ಉಳಿದು, 1975ರಲ್ಲಿ ಜಪಾನಿನ ಮಿತ್ಸುಬಿಷಿ ಕಂಪನಿಯ ಕಾರಿನಲ್ಲಿ ಹೊಸ ರೂಪದಲ್ಲಿ ಬಂತು.

ಖರ್ಚು ಕಡಿಮೆಯ ಇನ್ನೊಂದು ದಾರಿಯನ್ನು ಅಮೆರಿಕದ ಕ್ರೈಸ್ಲರ್ ಕಂಪನಿ 1931ರ ಪ್ಲಿಮತ್ ಕಾರಿನಲ್ಲಿ ತೋರಿಸಿತು. ಅವರು ನಾಲ್ಕು ಸಿಲಿಂಡರಿನ ನಡುಕವನ್ನು ನಿಲ್ಲಿಸಲು ಹೋಗಲಿಲ್ಲ. ಎಂಜಿನ್ನನ್ನು ಚಾಸಿಗೆ ಬಿಗಿಯಾಗಿ ಬೋಲ್ಟ್ ಮಾಡದೆ, ಅದರ ಭಾರದ ನಡುಗೆರೆ ನೋಡಿ ಮುಂದೆ ಹಿಂದೆ ರಬ್ಬರಿನ ಮೇಲೆ ಕೂರಿಸಿದರು. ಎಂಜಿನ್ ತನ್ನ ಪಾಡಿಗೆ ತಾನು ನಡುಗಲಿ, ಕೂತವರಿಗೆ ತಾಗದಿದ್ದರೆ ಸಾಕು. ಇದಕ್ಕೆ "ತೇಲುವ ಶಕ್ತಿ" ಎಂಬ ಅರ್ಥದ ಹೆಸರಿಟ್ಟರು. ಫ್ರಾನ್ಸಿನ ಸಿಟ್ರೋಎನ್ ಕಂಪನಿ ಈ ಹಕ್ಕನ್ನು ಪಡೆದು, ತನ್ನ ಗಾಡಿಗಳ ಮುಂದೆ ನೀರಿನಲ್ಲಿ ತೇಲುವ ಹಂಸದ ಗುರುತು ಹಾಕಿಕೊಂಡಿತು. ಇಂದು ನಮ್ಮ ಬೀದಿಯಲ್ಲಿ ಓಡಾಡುವ ಪೆಟ್ರೋಲು, ಡೀಸೆಲ್ ಕಾರುಗಳ ಎಂಜಿನ್ನೂ ರಬ್ಬರಿನ ಮೇಲೆಯೇ ಕೂತಿರುತ್ತದೆ. ಮೆಕ್ಯಾನಿಕ್ಕುಗಳು ಅದನ್ನು ಮೌಂಟಿಂಗ್ ಎನ್ನುತ್ತಾರೆ.

ನಿಂತಾಗಲೇ ಏಕೆ ನಡುಕ ಎಂದು ನೀವು ಕೇಳಬಹುದು. ನಿಂತ ಗಾಡಿಯ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ನಾಲ್ಕು ಸಿಲಿಂಡರಾದರೆ ಸೆಕೆಂಡಿಗೆ 27ರಷ್ಟು ಗುದ್ದು. ಬೀಸುಕಲ್ಲು ನಿಧಾನವಾಗಿ ತಿರುಗುವಾಗ ಒಂದೊಂದು ಎಳೆತವೂ ಕೈಗೆ ಗೊತ್ತಾಗುತ್ತದೆ. ವೇಗ ಹಿಡಿದ ಮೇಲೆ ಎಲ್ಲ ಒಂದೇ ಗುಂಗಿನಲ್ಲಿ ಸೇರಿಹೋಗುತ್ತದೆ. ಇದೂ ಹಾಗೆಯೇ. ಒಂದು ಸಿಲಿಂಡರು ಮುಷ್ಕರ ಹೂಡಿದರೂ, ಎಲ್ಲಿಂದಲೋ ಲೆಕ್ಕವಿಲ್ಲದ ಗಾಳಿ ಒಳಗೆ ನುಗ್ಗಿದರೂ, ರಬ್ಬರು ಹರಿದರೂ ಮೊದಲು ತಿಳಿಯುವುದು ಗಾಡಿ ನಿಂತಾಗಲೇ.

ಕಾಯಿಲೆ ಬೇರೆ ಬೇರೆಯಾದರೂ ಲಕ್ಷಣ ಒಂದೇ ಆದಾಗ ಡಾಕ್ಟರ ಕೈಗುಣ ಬೇಕಾಗುತ್ತದೆ. ಹಳೆಯ ಕಾಲದ ಮೆಕ್ಯಾನಿಕ್ಕುಗಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ ಕೇಳುತ್ತಿದ್ದರು. ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡುತ್ತಿದ್ದರು. ಕಿತ್ತೊಡನೆ ಎಂಜಿನ್ ಮುಗ್ಗರಿಸಿದರೆ ಆ ಸಿಲಿಂಡರು ದುಡಿಯುತ್ತಿದೆ ಎಂದರ್ಥ. ಕಿತ್ತರೂ ಏನೂ ಬದಲಾಗದಿದ್ದರೆ ಅದೇ ಕಳ್ಳ. ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರುಗಳಿಗೂ ತಮ್ಮ ದೋಷವನ್ನು ತಾವೇ ಸಂಖ್ಯೆಯಲ್ಲಿ ಹೇಳುವ ವ್ಯವಸ್ಥೆ ಕಡ್ಡಾಯವಾಯಿತು. ಪಿ 0301 ಎಂದರೆ ಒಂದನೆಯ ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲ, ಪಿ 0302 ಎಂದರೆ ಎರಡನೆಯದು. ಆ ಪದ್ಧತಿ ನಮ್ಮಲ್ಲಿಗೂ ಬಂದಿದೆ. ಎಂಜಿನ್ ಚಿತ್ರದ ಹಳದಿ ದೀಪ ಮಿಣುಕುತ್ತ ಗಾಡಿ ನಡುಗಿದರೆ ಮಾತ್ರ ಉದಾಸೀನ ಬೇಡ. ಉರಿಯದ ಪೆಟ್ರೋಲು ಸೈಲೆನ್ಸರಿನ ದಾರಿ ಹಿಡಿದು, ಹೊಗೆ ಶುದ್ಧಮಾಡುವ ದುಬಾರಿ ಸಾಧನವನ್ನು ಸುಟ್ಟುಬಿಡುತ್ತದೆ.

ಕೊನೆಗೆ ನಾನು ಹೋದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆಯ ಬಳಿಗೆ. ತಗಡಿನ ಶೆಡ್ಡು, ಬೋರ್ಡೂ ಇಲ್ಲ. ಅವರು ಬಾನೆಟ್ ಎತ್ತುವ ಮೊದಲೇ ಕೇಳಿದರು: "ಅಕ್ಕೋರ, ಒಂದ್ ಮಾತು ಹೇಳ್ರಿ. ಒಂದೇ ಸಮ ನಡಗತೈತೋ, ತಡದು ತಡದು ನಡಗತೈತೋ?" ಹಿಂದಿನವರು ಈ ಪ್ರಶ್ನೆ ಕೇಳಿರಲಿಲ್ಲ. ನಾನೂ ಗಮನಿಸಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಯಜಮಾನರು, "ಒಂದೇ ಸಮ" ಎಂದರು. ಕಣ್ಣು ಮಂಜಾದವರು ಅಷ್ಟು ದಿನವೂ ಕೈಯಿಂದ, ಕಿವಿಯಿಂದ ಗಾಡಿಯನ್ನು ಗಮನಿಸುತ್ತ ಬಂದಿದ್ದರು.

"ಹಂಗಾರ ಎಂಜಿನ್ನಿಂದ ಅಲ್ಲ ಬಿಡ್ರಿ" ಎಂದರು ಮಿಸ್ತ್ರಿ. ಆದರೂ ನೋಡದೆ ಬಿಡಲಿಲ್ಲ. ಮಗನ ಸ್ಕ್ಯಾನರ್ ಹಚ್ಚಿದರು, ಯಾವ ಸಂಖ್ಯೆಯೂ ಬರಲಿಲ್ಲ. ಇಂಜೆಕ್ಟರುಗಳ ಕನೆಕ್ಟರನ್ನು ಒಂದೊಂದಾಗಿ ಬಿಡಿಸಿದರು, ನಾಲ್ಕು ಸಲವೂ ಎಂಜಿನ್ ಮುಗ್ಗರಿಸಿತು. ನಾಲ್ವರೂ ದುಡಿಯುತ್ತಿದ್ದರು. ಆಮೇಲೆ ನನ್ನನ್ನು ಕೂರಿಸಿ, ಬ್ರೇಕ್ ಒತ್ತಿ ಹಿಡಿದು, ಗೇರ್ ಹಾಕಿ, ಕ್ಲಚ್ಚನ್ನು ಕೂದಲೆಳೆಯಷ್ಟು ಬಿಡಿಸಿದರು. ಎಂಜಿನ್ ಒಂದು ಬದಿಯಿಂದ ಎದ್ದು ನಿಂತಿತು. ಬಲಗಡೆಯ ಮೌಂಟಿಂಗಿನ ರಬ್ಬರು ಹರಿದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು.

"ಎಂಜಿನ್ನಿಗೆ ಏನೂ ಆಗಿಲ್ರೀ. ಅದು ಕುಂತ ಜಾಗಾ ಹರದೈತಿ."

"ಕಂಪ್ಯೂಟರಿನಲ್ಲಿ ಯಾಕೆ ಬರಲಿಲ್ಲ?" ಎಂದು ಕೇಳಿದೆ.

"ರಬ್ಬರಿಗೆ ವೈರ್ ಇಲ್ಲಲ್ರೀ ಅಕ್ಕೋರ. ಅದು ಕಂಪ್ಯೂಟರಿಗೆ ಹೆಂಗ ಹೇಳಬೇಕು?"

ಸಂಜೆಯೊಳಗೆ ಕೆಲಸ ಮುಗಿಯಿತು. ಖರ್ಚು ಹಿಂದಿನ ಬಿಲ್ಲಿನ ಐದರಲ್ಲೊಂದು ಪಾಲೂ ಆಗಲಿಲ್ಲ. ಮಿಸ್ತ್ರಿ ಗಾಡಿ ಚಾಲೂ ಮಾಡಿ, ಚಹಾ ಕುಡಿದ ಗ್ಲಾಸಿಗೆ ನೀರು ತುಂಬಿ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರು. ನೀರು ಸಣ್ಣಗೆ ಕಂಪಿಸಿತೇ ಹೊರತು ಚೆಲ್ಲಲಿಲ್ಲ. 1931ರಲ್ಲಿ ಪ್ಲಿಮತ್ ಕಾರಿನವರು ಕಂಡುಕೊಂಡ ಸತ್ಯ ಹಾವೇರಿಯ ತಗಡಿನ ಶೆಡ್ಡಿನಲ್ಲಿ ನನ್ನ ಕಣ್ಣೆದುರಿಗಿತ್ತು. ಒಳಗಿನ ನಡುಕ ಪೂರಾ ಹೋಗುವುದಿಲ್ಲ, ಅದಕ್ಕೆ ಕೂರಲು ಸರಿಯಾದ ಜಾಗ ಕೊಡಬೇಕು.

ಬರುವಾಗ ಮತ್ತೆ ರೈಲ್ವೆ ಗೇಟು ಬಿದ್ದಿತ್ತು. ಯಜಮಾನರು ಕೈ ಚಾಚಿ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟರು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದು, "ಬಂದ್ ಮಾಡಿದೇನು?" ಎಂದು ಕೇಳಿದರು.

"ಇಲ್ಲ, ಚಾಲೂ ಐತಿ" ಎಂದೆ.

ಮಾರುವ ಮಾತು ಮತ್ತೆ ನಮ್ಮ ಮನೆಯಲ್ಲಿ ಬಂದಿಲ್ಲ.