ನೆಲದ ಲೆಕ್ಕ ಇದೆ, ದುಡಿದವರ ಲೆಕ್ಕ ಎಲ್ಲಿ?



ಜೂನ್ 17 ಬಂತಂದ್ರೆ ಮರುಭೂಮೀಕರಣ ತಡೆ ದಿನ ಅಂತ ಸಸಿ ನೆಟ್ಟ ಫೋಟೋಗಳು ಶುರುವಾಗ್ತವೆ. 1994ರ ಆ ದಿನ ಪ್ಯಾರಿಸ್‌ನಲ್ಲಿ ವಿಶ್ವಸಂಸ್ಥೆಯ ಒಪ್ಪಂದವೊಂದು ಅಂಗೀಕಾರ ಆಯ್ತು, 1996ರಲ್ಲಿ ಭಾರತವೂ ಅದಕ್ಕೆ ಸೇರಿತು. ಒಣ ಸೀಮೆಗಳಲ್ಲಿ ನೆಲದ ಸತ್ವ ಕಾಯೋದು, ಕೆಟ್ಟದ್ದನ್ನ ಸರಿಪಡಿಸೋದು ಅದರ ಉದ್ದೇಶ. ಹಚ್ಚೊಳ್ಳಿ, ಸಿರುಗುಪ್ಪದ ಹಸಿರು ಗದ್ದೆ ನೋಡಿದವರು ಇಲ್ಲೆಂಥ ಮರುಭೂಮಿ ಅಂತ ನಗಬಹುದು. ನಮ್ಮ ಕಡೆ ನೆಲ ಕೆಟ್ಟಿದ್ದು ನೀರು ಬಂದ ಮೇಲೆ.

ಇದು ಮೊದಲಿಂದ ಬರದ ಸೀಮೆ. 1876-78ರ ಬರದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಎರೆ ನೆಲ, ಜೋಳ, ನವಣೆ, ಹತ್ತಿ. 1953ರಲ್ಲಿ ತುಂಗಭದ್ರೆ ಕಾಲುವೆಗೆ ಹರಿದಳು, ಅದೇ ವರ್ಷ ಅಕ್ಟೋಬರ್ 1ಕ್ಕೆ ನಾವು ಮೈಸೂರಿಗೆ ಸೇರಿದೆವು. ಯೋಜನೆ ಮಾಡಿದವರು ಅಚ್ಚುಕಟ್ಟಿನ ಬಹುಭಾಗಕ್ಕೆ ಅರೆ ಖುಷ್ಕಿ ಅಂತ ಬರೆದಿದ್ದರು. ಅಂದ್ರೆ ಜೋಳ, ಹತ್ತಿ, ಶೇಂಗಾ ಒಣಗದ ಹಾಗೆ ಸ್ವಲ್ಪ ಸ್ವಲ್ಪ ನೀರು, ಹೆಚ್ಚು ಜನಕ್ಕೆ. ಆದದ್ದೇ ಬೇರೆ. ಕರಾವಳಿ ಆಂಧ್ರದಿಂದ ದುಡ್ಡು, ಭತ್ತದ ಅನುಭವ ಎರಡೂ ತಂದವರು ಜಮೀನು ಕೊಂಡರು, ಕ್ಯಾಂಪುಗಳು ಎದ್ದವು. ಊರಿನ ಜಮೀನುದಾರರೂ ಭತ್ತಕ್ಕೇ ಬಿದ್ದರು.

ಎರೆ ಮಣ್ಣು ಬೇಗ ನೀರು ಬಸಿಯಲ್ಲ. ಗದ್ದೆಯಲ್ಲಿ ನಿಲ್ಲಿಸಿದ ನೀರಿಂದ ನೆಲದೊಳಗಿನ ನೀರು ಮೇಲೇರುತ್ತೆ, ಬಿಸಿಲಿಗೆ ಆರಿದಾಗ ಉಪ್ಪು ಮೇಲೆ ಉಳಿಯುತ್ತೆ. ನಾವು ಸವಳು-ಜವಳು ಅನ್ನೋದು ಇದನ್ನೇ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸುಮಾರು 96 ಸಾವಿರ ಹೆಕ್ಟೇರ್ ಹೀಗಾಗಿದೆ ಅಂತ ಕೃಷಿ ವಿಜ್ಞಾನಿಗಳ ಲೆಕ್ಕ. ಮೇಲಿನ ಗದ್ದೆ ನೀರು ಬಸಿದು ಸೇರೋದು ತಗ್ಗಿಗೆ, ಹಳ್ಳದ ದಂಡೆಗೆ. ಕೇರಿಯವರಿಗೆ ದರಖಾಸ್ತಿನಲ್ಲಿ ಸಿಕ್ಕ ಜಮೀನು ಎಲ್ಲಿದೆ, ನಿಮ್ಮೂರಲ್ಲೇ ಹೋಗಿ ನೋಡಿ.

2019ರ ಸೆಪ್ಟೆಂಬರ್‌ನಲ್ಲಿ ಆ ಒಪ್ಪಂದದ 14ನೇ ಸಮ್ಮೇಳನ ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದಲ್ಲಿ ನಡೀತು. 2030ರೊಳಗೆ 2.1 ಕೋಟಿ ಅಲ್ಲ, 2.6 ಕೋಟಿ ಹೆಕ್ಟೇರ್ ಸರಿಪಡಿಸ್ತೀವಿ ಅಂತ ಪ್ರಧಾನಿ ಘೋಷಿಸಿದರು. ಪೇಪರ್‌ನವರು ಅದನ್ನ ದಪ್ಪಕ್ಷರದಲ್ಲಿ ಹಾಕಿದರು. ಅದೇ ಸಮ್ಮೇಳನ ಮೊದಲ ಸಲ ಭೂಹಿಡುವಳಿ ಬಗ್ಗೆಯೂ ಒಂದು ನಿರ್ಣಯ ಮಾಡಿತು. ನೆಲ ಸರಿಪಡಿಸುವಾಗ 2012ರ ಅಂತರರಾಷ್ಟ್ರೀಯ ಭೂಹಿಡುವಳಿ ಮಾರ್ಗಸೂಚಿ ನೋಡಿಕೊಳ್ಳಿ ಅಂತ. ದಾಖಲೆಯಲ್ಲಿ ಇರಲಿ ಬಿಡಲಿ, ನ್ಯಾಯವಾದ ಹಿಡುವಳಿ ಹಕ್ಕನ್ನ ಗೌರವಿಸಬೇಕು ಅನ್ನುತ್ತೆ ಆ ಮಾರ್ಗಸೂಚಿ. ನನಗೆ ಕೋಟಿ ಹೆಕ್ಟೇರಿಗಿಂತ ಈ ಮಾತೇ ದೊಡ್ಡದು.

ಯಾಕಂದ್ರೆ ದಾಖಲೆಯಿಂದ ಹೊರಗೆ ಉಳಿಯೋದು ನಮಗೆ ಹಳೇ ಕಥೆ. 1800ರಲ್ಲಿ ನಿಜಾಮ ಈ ಸೀಮೆಯನ್ನ ಕಂಪನಿಗೆ ಬಿಟ್ಟುಕೊಟ್ಟ. 1807ರವರೆಗೆ ಥಾಮಸ್ ಮನ್ರೋ ಇಲ್ಲಿ ಕಲೆಕ್ಟರ್. ಅವನ ರೈತವಾರಿಯಲ್ಲಿ ಕಂದಾಯ ಕಟ್ಟೋನೇ ರೈತ, ನೇಗಿಲು ಹಿಡಿದ ಜೀತದಾಳಲ್ಲ. 1974ರ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು, ಕೂಲಿಯವನಿಗಲ್ಲ. ಜೊತೆಗೆ ಗೇಣಿ ಪದ್ಧತಿಯನ್ನೇ ನಿಷೇಧ ಮಾಡಿತು. ಅದರ ಉದ್ದೇಶವನ್ನ ನಾನು ಅಲ್ಲಗಳೆಯಲ್ಲ. ಆದ್ರೆ ಗೇಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳೀತು. ಇವತ್ತು ಲೀಜಿಗೋ ಕೋರಿಗೋ ಮಾಡೋರ ಹೆಸರು ಪಹಣಿಯಲ್ಲಿಲ್ಲ. ಬಸಿಗಾಲುವೆ, ಜಿಪ್ಸಂ, ಬೆಳೆ ಪರಿಹಾರ, ಯಾವುದು ಬೇಕಂದ್ರೂ ಮೊದಲು ಪಹಣಿ ತಗೊಂಡು ಬಾ ಅಂತಾರೆ. ಸ್ವಂತ ದುಡ್ಡಲ್ಲಿ ಉಪ್ಪು ತೊಳೆದು ನೆಲ ಸರಿ ಮಾಡಿದರೆ ಮುಂದಿನ ವರ್ಷ ಮಾಲೀಕ ಲೀಜು ಏರಿಸ್ತಾನೆ, ಇಲ್ಲಾ ಬಿಡಿಸ್ಕೊಂತಾನೆ. ಹಾಗಾದ್ರೆ ಯಾವನು ಸರಿ ಮಾಡ್ತಾನೆ ಹೇಳಿ?

ದರಖಾಸ್ತು ಜಮೀನು ಇದ್ದವರ ಕಥೆನೂ ಇದೆ. ಸವಳಾಗಿ ಬೆಳೆ ಹೋದರೆ ಸಾಲ, ಸಾಲ ಏರಿದರೆ ಜಮೀನು ಕೈಬಿಟ್ಟು ಹೋಗುತ್ತೆ. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಮಾರಾಟ ನಿಲ್ಲಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ತಡವಾಗಿ ಬಂದ ಅರ್ಜಿ ನಡೆಯಲ್ಲ ಅಂದಮೇಲೆ ಎಷ್ಟೋ ಕೇಸು ಬಿದ್ದುಹೋದವು. ಹೋರಾಟ ಮಾಡಿದ ಮೇಲೆ 2023ರ ತಿದ್ದುಪಡಿ ಆ ಕಾಲಮಿತಿ ತೆಗೀತು.

ಸವಳು ಜಮೀನಿನ ಪಟ್ಟಿ ನಿಮ್ಮ ಪಂಚಾಯ್ತಿಗೆ ಬಂದಾಗ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ಮಾಲೀಕನ ಹೆಸರಿನ ಪಕ್ಕ ಈಗ ಹೊಲ ಮಾಡ್ತಿರೋರು ಯಾರು ಅನ್ನೋ ಕಾಲಂ ಎಲ್ಲಿ? ಬಸಿಗಾಲುವೆ ಕೇರಿಯವರ ತಗ್ಗಿನ ಹೊಲದಿಂದ ಶುರುವಾಗುತ್ತಾ, ಇಲ್ಲಾ ಅಲ್ಲಿಗೇ ನೀರು ತಂದು ಬಿಡುತ್ತಾ? ಕೇಳಿದ್ದನ್ನ ನಡಾವಳಿಯಲ್ಲಿ ಬರೆಸಿ, ಅದರ ನಕಲು ತಗೊಂಡೇ ಮನೆಗೆ ಬನ್ನಿ.